ಹೆಸರಿನ ಕಲ್ಲು ನೆಟ್ಟ ವರ್ಷ

ಹೋದ ವಾರ ಲಾಲ್‌ಬಾಗ್ ಹತ್ತಿರ ಮೆಟ್ರೋ ಹತ್ತಿದೆ. ಪಕ್ಕದ ಸೀಟಿನಲ್ಲಿದ್ದ ಹುಡುಗಿ ಬ್ಯಾಗಿನಿಂದ ನೋವಿನ ಸ್ಪ್ರೇ ತೆಗೆದು ಮಂಡಿಗೆ ಎರಡು ಸಲ ಹೊಡೆದುಕೊಂಡಳು. ಕರ್ಪೂರಕ್ಕೆ ನೀಲಗಿರಿ ಎಣ್ಣೆ ಬೆರೆಸಿದಂಥ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಾನು ಕೂತಲ್ಲೇ ಕೂತುಬಿಟ್ಟೆ. ಇಳಿಯಬೇಕಾದ ಸ್ಟೇಷನ್ ಬಂತು, ಹೋಯಿತು, ನಾನು ಏಳಲೇ ಇಲ್ಲ. ಮನೆಗೆ ಬಂದು ಹೆಂಡತಿ ಸಾವಿತ್ರಿಗೆ ಹೇಳಿದರೆ, "ಇನ್ನೂ ಅದೇನಾ ನಿಮ್ಗೆ?" ಅಂದಳು. ಹೌದು, ಇನ್ನೂ ಅದೇ. ನಾನು ಕ್ಲಬ್ಬಿನ ಸೆಕ್ರೆಟರಿಯಾಗಿದ್ದ ಆ ಒಂದು ವರ್ಷ ಎಲ್ಲಿ ಕೂತರೂ ನನ್ನ ಪಕ್ಕದಲ್ಲೇ ಬಂದು ಕೂರುತ್ತೆ.

ನಾನು ಯಾರು ಅಂತ ಮೊದಲು ಹೇಳಿಬಿಡ್ತೀನಿ. ಚಾಮರಾಜಪೇಟೆಯಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಎಲ್ಲಾ ಮಾಡ್ತೀವಿ. ಇಷ್ಟು ವರ್ಷದಲ್ಲಿ ನಾನು ಕಲಿತ ವಿದ್ಯೆ ಒಂದೇ. ಕಾರ್ಡನ್ನ ಯಾರೂ ಓದಲ್ಲ, ತಂತಮ್ಮ ಹೆಸರು ಎಲ್ಲಿದೆ ಅಂತ ಹುಡುಕ್ತಾರೆ, ಅಷ್ಟೇ. ಸೋದರಮಾವನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಒಂದು ಸಾಲು ಕೆಳಗೆ ಬಂತು ಅಂತ ಮುಹೂರ್ತಕ್ಕೇ ಹೋಗದೆ ಮನೆಯಲ್ಲಿ ಕೂತವರನ್ನ ನೋಡಿದೀನಿ. ಅವರನ್ನ ಕಂಡು ನಗ್ತಿದ್ದೆ ನಾನು. ನನಗೇನೋ ಆ ರೋಗ ಇಲ್ಲ ಅಂದುಕೊಂಡಿದ್ದೆ.

ನಮ್ಮ ಸೇವಾ ಕ್ಲಬ್ಬು ಸೇರುತ್ತಿದ್ದದ್ದು ಬಸವನಗುಡಿಯಲ್ಲಿ, ಪ್ರತಿ ಗುರುವಾರ ಸಂಜೆ. ಅಧ್ಯಕ್ಷರು ಹಿತ್ತಾಳೆ ಗಂಟೆ ಬಾರಿಸಿದರೆ ಶುರು, ಮತ್ತೆ ಬಾರಿಸಿದರೆ ಮುಗೀತು. ನಡುವೆ ಒಬ್ಬ ಅತಿಥಿ ಇಪ್ಪತ್ತು ನಿಮಿಷ ಮಾತಾಡಬೇಕು, ಆಮೇಲೆ ಬಿಸಿಬೇಳೆ ಬಾತು, ಮೊಸರನ್ನ. ಸುಮ್ಮನೆ ಹೀಗಳೆಯಬಾರದು, ಒಳ್ಳೆ ಕೆಲಸ ಬೇಕಾದಷ್ಟು ಮಾಡಿದೀವಿ. ಕಣ್ಣಿನ ಶಿಬಿರ, ರಕ್ತದಾನ, ಮಾವಳ್ಳಿ ಕಡೆ ಶಾಲೆಗಳಿಗೆ ಕುಡಿಯೋ ನೀರಿನ ಫಿಲ್ಟರು. ಆದರೆ ಮಾಡಿದ ಒಂದೊಂದರ ಮೇಲೂ ಹೆಸರು ಬರೆಸಿದೀವಿ. ಆ ಫಿಲ್ಟರಿನ ಮೇಲೆ ನೀರು ಬರೋ ನಲ್ಲಿ ಎಲ್ಲಿದೆ ಅಂತ ಮಕ್ಕಳು ಹೆಸರುಗಳ ನಡುವೆ ತಡಕಾಡಬೇಕಿತ್ತು.

ಆ ವರ್ಷ ಜುಲೈನಲ್ಲಿ ನಾನು ಸೆಕ್ರೆಟರಿ, ಚನ್ನಕೇಶವ ಅಧ್ಯಕ್ಷ. ಚನ್ನಕೇಶವ ಸೈಟು-ಬಿಲ್ಡಿಂಗಿನ ವ್ಯವಹಾರದವನು, ದೊಡ್ಡ ಆಳು, ದೊಡ್ಡ ಗಂಟಲು, ಮನಸ್ಸು ಮಾತ್ರ ಬೆಣ್ಣೆ. ಅವನು ಬಂದವನೇ ಒಂದು ಹಟ ಹಿಡಿದ. ಬಿನ್ನಿಪೇಟೆ ಕಡೆ ಒಂದು ಕಾಲೇಜಿದೆ, ಅಲ್ಲಿ ಹುಡುಗೀರ ಬ್ಯಾಸ್ಕೆಟ್‌ಬಾಲ್ ತಂಡ ಜೋರಾಗಿದೆ, ಆದರೆ ಆಡೋ ಅಂಕಣ ನೋಡಿದರೆ ಅಳು ಬರುತ್ತೆ, ಅದನ್ನ ನಾವು ಸರಿಮಾಡಿ ಕೊಡೋಣ ಅಂತ. ಮಾಡಿದೆವು. ಬಿರುಕು ಬಿಟ್ಟ ಸಿಮೆಂಟು ಕಿತ್ತು ಹೊಸದಾಗಿ ಹಾಕಿಸಿದೆವು, ಕಂಬ, ರಿಂಗು, ಬಲೆ, ಹಸಿರು-ಕೆಂಪು ಬಣ್ಣ, ಬಿಳಿ ಗೆರೆ. ಮಳೆ ನಡುವೆ ಬಿಸಿಲು ಸಿಕ್ಕಿದ ನಾಲ್ಕು ದಿನದಲ್ಲಿ ಬಣ್ಣ ಒಣಗಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ.

ಇನ್ನು ಕಲ್ಲು. ಮೂವತ್ತೆಂಟು ಹೆಸರಿನ ಕಪ್ಪು ಗ್ರಾನೈಟ್ ಕಲ್ಲು, ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರೋ ಎತ್ತರ. ಅದನ್ನ ಗೇಟಿನ ಹತ್ತಿರ ಗೋಡೆಗೆ ಹಾಕೋದು ಅಂತ ಮೊದಲು ಮಾತಾಗಿತ್ತು. ನಾನು ಎದ್ದು ನಿಂತು, "ಗೇಟ್ ಹತ್ರ ಹಾಕಿದ್ರೆ ಯಾರು ನೋಡ್ತಾರೆ ಸ್ವಾಮಿ? ರಿಂಗಿನ ಹಿಂದೆ, ಕಂಬದ ಪಕ್ಕ ನೆಡಿ. ಹುಡುಗೀರು ಬಾಲ್ ಹಾಕೋ ಫೋಟೋ ಪೇಪರಲ್ಲಿ ಬಂದಾಗೆಲ್ಲ ನಮ್ಮ ಹೆಸರೂ ಬರುತ್ತೆ" ಅಂದೆ. ಎಲ್ಲರೂ ಮೇಜು ಕುಟ್ಟಿದರು. ಚನ್ನಕೇಶವ, "ಪ್ರಿಂಟರ್ ಬುದ್ಧಿ ಅಂದ್ರೆ ಇದು ನೋಡ್ರಪ್ಪಾ" ಅಂತ ಬೆನ್ನು ತಟ್ಟಿದ. ಆ ರಾತ್ರಿ ಊಟ ಎರಡು ತುತ್ತು ಜಾಸ್ತಿಯೇ ಸೇರಿತು ನನಗೆ.

ಮುಖ್ಯ ಅತಿಥಿಗಳು ಬಂದರು, ಕಲ್ಲಿನ ಮೇಲಿನ ಪರದೆ ಸರಿಸಿದರು, ಹೋದರು. ಅದಾಗಿ ಎರಡು ವಾರಕ್ಕೆ ಕಾಲೇಜಿನ ದೈಹಿಕ ಶಿಕ್ಷಕರು ಮುನಿರಾಜು ಮೇಷ್ಟ್ರಿಂದ ಕ್ಲಬ್ಬಿನ ಸೆಕ್ರೆಟರಿ ಅಂತ ನನ್ನ ವಿಳಾಸಕ್ಕೆ ಒಂದು ಪತ್ರ ಬಂತು. ಅವರೇ ತಂಡದ ಕೋಚು. ಸಣ್ಣ ಆಳು, ಮೆಲುಮಾತು, ನಾವು ಕೋರ್ಟು ಮಾಡಿಸೋವಾಗ ಮಳೆಯಲ್ಲಿ ಟಾರ್ಪಾಲು ಹಿಡಿದು ನಿಂತಿದ್ದವರು. ಪತ್ರ ಓದಿದೆ. ಆಗಸ್ಟ್ ತಿಂಗಳ ನಮ್ಮ ಕ್ಲಬ್ಬಿನ ಪತ್ರಿಕೆ ಆಗ ಪ್ರೆಸ್ಸಿನಲ್ಲಿತ್ತು, ನಾಲ್ಕು ಪುಟದ್ದು, ನಾನೇ ಸಂಪಾದಕ. ಆ ಪತ್ರವನ್ನ ಕೊನೇ ಪುಟದಲ್ಲಿ "ಮೆಚ್ಚುಗೆಯ ನುಡಿ" ಅಂತ ಹಾಕಿದೆ. ಎಲ್ಲರಿಗೂ ಬಹಳ ಖುಷಿಯಾಯಿತು. ಅದು ಪೂರ್ತಿ ಪತ್ರ ಆಗಿರಲಿಲ್ಲ ಅನ್ನೋದು ನನಗೊಬ್ಬನಿಗೇ ಗೊತ್ತಿತ್ತು. ಸತ್ಯ ಹೇಳಬೇಕು ಅಂದರೆ, ಸೆಪ್ಟೆಂಬರಿನ ಹೊತ್ತಿಗೆ ನನಗೂ ಮರೆತು ಹೋಗಿತ್ತು.

ಗಣೇಶನ ಹಬ್ಬ ಆಯಿತು, ದಸರಾ ಆಯಿತು, ದೀಪಾವಳಿ ಆಯಿತು. ಕಾರ್ಡಿನ ಸೀಸನ್ನು, ನನಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಕಾರ್ತೀಕದಲ್ಲಿ ಒಂದು ಗುರುವಾರಕ್ಕೆ ಬರಬೇಕಿದ್ದ ಹೃದ್ರೋಗ ತಜ್ಞರು ಕೈಕೊಟ್ಟರು. ಚನ್ನಕೇಶವ ಫೋನ್ ಮಾಡಿ, "ಆ ಕಾಲೇಜ್ ಟೀಮಿನ ಕ್ಯಾಪ್ಟನ್ನ ಕರೆಸಿ ಗಂಗಾಧರಪ್ಪ. ಹೊಸ ಕೋರ್ಟಿಂದ ಏನೇನ್ ಅನುಕೂಲ ಆಯ್ತು ಅಂತ ಅವಳ ಬಾಯಲ್ಲೇ ಕೇಳೋಣ" ಅಂದ. ಮುನಿರಾಜು ಮೇಷ್ಟ್ರಿಗೆ ಫೋನ್ ಮಾಡಿದೆ. ಯಾವತ್ತು, ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡರು. ಆಮೇಲೆ, "ಪಲ್ಲವೀನ ಕಳಿಸ್ತೀನಿ ಸರ್. ಚೆನ್ನಾಗ್ ಮಾತಾಡ್ತಾಳೆ" ಅಂದರು. ಅವಳ ಪರಿಚಯಕ್ಕೆ ಬೇಕಾದ ವಿವರ ಕಾಲೇಜಿನ ವೆಬ್‌ಸೈಟಿನಿಂದ ನಾನೇ ತೆಗೆದುಕೊಂಡೆ. ಅವರನ್ನ ಕೇಳೋ ಗೋಜಿಗೆ ಹೋಗಲಿಲ್ಲ.

ಗುರುವಾರ ಪಲ್ಲವಿ ಬಂದಳು. ನೀಲಿ ಟ್ರ್ಯಾಕ್ ಸೂಟು, ಎಣ್ಣೆ ಹಚ್ಚಿ ಬಿಗಿದ ಜಡೆ, ಆರಡಿಗೆ ಎರಡೇ ಇಂಚು ಕಡಿಮೆ ಇರಬೇಕು. ಬಲಗೈಯಲ್ಲಿ ಒಂದು ಊರುಗೋಲು. ಪಕ್ಕ ಬಂದು ಕೂತಾಗ ಆ ಸ್ಪ್ರೇ ವಾಸನೆ ಘಮ್ಮಂತ ಬಂತು. ಆಟಗಾರರಿಗೆ ಏಟು-ಗೀಟು ಮಾಮೂಲು ಅಂದುಕೊಂಡೆ. "ಏನಮ್ಮಾ, ಪ್ರಾಕ್ಟೀಸಲ್ಲಿ ಬಿದ್ಬಿಟ್ಯಾ?" ಅಂತ ಕೇಳಿದೆ. "ಹೂಂ ಸರ್" ಅಂದಳು. ಅವಳ ಅಪ್ಪ ಯಾವುದೋ ಸರ್ಕಾರಿ ಕಚೇರಿಯಲ್ಲಿ ಡ್ರೈವರ್, ಮಗಳನ್ನ ಕರ್ಕೊಂಡು ಬಂದವರು ಒಳಗೆ ಬರದೆ ಹೊರಗೆ ಮೆಟ್ಟಿಲ ಹತ್ತಿರವೇ ನಿಂತಿದ್ದರು. ಎಷ್ಟು ಕರೆದರೂ ಬರಲಿಲ್ಲ.

ನಾನು ಪರಿಚಯ ಓದಿದೆ. ಹೈಸ್ಕೂಲಿನಿಂದ ಆಟ, ಎರಡು ವರ್ಷ ಕಾಲೇಜು ತಂಡದ ನಾಯಕಿ, "ಮತ್ತು ಈ ವರ್ಷ ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಆಯ್ಕೆಯಾಗಿ ನಮ್ಮೆಲ್ಲರಿಗೂ ಹೆಮ್ಮೆ ತಂದಿದ್ದಾರೆ." ಚಪ್ಪಾಳೆ ಬಿತ್ತು. ಚನ್ನಕೇಶವ ಶಾಲು ಹೊದಿಸಿದ. ಅವಳು ಊರುಗೋಲನ್ನ ಮೇಜಿಗೆ ಒರಗಿಸಿ ಮೈಕಿನ ಮುಂದೆ ನಿಂತಳು.

"ನಮಸ್ಕಾರ. ಮೊದ್ಲು ಕೋರ್ಟ್ ಮಾಡಿಸ್ಕೊಟ್ಟೋರಿಗೆಲ್ಲ ಥ್ಯಾಂಕ್ಸ್ ಹೇಳ್ಬೇಕು" ಅಂದು, ಕೈಯಲ್ಲಿ ಚೀಟಿ ಇಲ್ಲ ಏನಿಲ್ಲ, ಹೆಸರು ಹೇಳೋಕೆ ಶುರು ಮಾಡಿದಳು. ಅಧ್ಯಕ್ಷರು ಚನ್ನಕೇಶವ. ಉಪಾಧ್ಯಕ್ಷರು ರಾಮಲಿಂಗಯ್ಯ. ಖಜಾಂಚಿ ಸತ್ಯನಾರಾಯಣ ಶೆಟ್ಟಿ. ಹೀಗೇ ಒಂದಾದಮೇಲೊಂದು, ಕಲ್ಲಿನ ಮೇಲೆ ಇದ್ದ ಕ್ರಮದಲ್ಲೇ, ಇನಿಷಿಯಲ್ಲು ಕೂಡ ಬಿಡದೆ. ತಮ್ಮ ಹೆಸರು ಬಂದಾಗ ಒಬ್ಬೊಬ್ಬರ ಮುಖ ಅರಳಿತು. ಶೆಟ್ಟರು ಕುರ್ಚಿಯಿಂದ ಅರ್ಧ ಎದ್ದು ಸಭೆಗೆ ಕೈ ಮುಗಿದರು. ಇಂಥಾ ಹುಡುಗಿ ಹುಡುಕಿದರೂ ಸಿಗಲ್ಲ ಅಂತ ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು. ಮೂವತ್ತೇಳು ಹೆಸರು ಮುಗಿಸಿ ಕೊನೆಗೆ, "ಕಾರ್ಯದರ್ಶಿಗಳು ಮತ್ತು ಯೋಜನಾ ಸಂಚಾಲಕರು ಗಂಗಾಧರಪ್ಪ" ಅಂದಳು. ನಾನೂ ಕೈ ಮುಗಿದೆ. ದೊಡ್ಡ ಚಪ್ಪಾಳೆ.

ಅದು ನಿಲ್ಲೋವರೆಗೂ ಕಾದಳು. "ಎರಡು ತಿಂಗಳಿಂದ ಆ ಕಲ್ಲಿನ ಪಕ್ಕ ಕುರ್ಚಿ ಹಾಕ್ಕೊಂಡು ಪ್ರಾಕ್ಟೀಸ್ ನೋಡ್ತಿದೀನಿ. ಅದಕ್ಕೆ ಬಾಯಿಪಾಠ ಆಗಿದೆ" ಅಂದಳು. "ಸರ್ ಓದಿದ್ರಲ್ಲ, ಆ ಶಿಬಿರಕ್ಕೆ ನಾನು ಹೋಗ್ಲಿಲ್ಲ. ಹೋಗೋಕೆ ಆರು ದಿನ ಇತ್ತು. ಓಡ್ಬಂದು ಹಾರಿ ಬಾಲ್ ಹಾಕಿದ್ಮೇಲೆ ಗೆರೆ ಹೊರಗೆ ಹೋಗೇ ಇಳಿಯೋದು ನಾವು. ಅಲ್ಲಿ ಕಲ್ಲಿತ್ತು. ಮಂಡಿ ಚಿಪ್ಪು ಒಡೀತು, ಒಳಗಡೆ ಲಿಗಮೆಂಟ್ ಹರೀತು. ಆಪರೇಷನ್ ಆಗಿದೆ."

ಅಡುಗೆಯವರು ಒಳಗೆ ತಟ್ಟೆ ಜೋಡಿಸೋ ಸದ್ದು ಮಾತ್ರ ಕೇಳುತ್ತಿತ್ತು. ಶೆಟ್ಟರ ಕೈ ಇನ್ನೂ ಮುಗಿದ ಹಾಗೇ ಎದೆ ಹತ್ತಿರ ನಿಂತುಬಿಟ್ಟಿತ್ತು. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಬಸ್ಸು ಎಷ್ಟೊತ್ತಿಗೆ ಅಂತ ಹೇಳೋ ಹಾಗೆ ಹೇಳುತ್ತಿದ್ದಳು. "ಜನವರೀಲಿ ಇಂಟರ್ ಕಾಲೇಜ್ ಟೂರ್ನಮೆಂಟ್ ನಮ್ ಕೋರ್ಟಲ್ಲೇ ಇದೆ. ಫಸ್ಟ್ ಇಯರ್ ಹುಡುಗೀರು ಚೆನ್ನಾಗ್ ಆಡ್ತಿದಾರೆ. ಅಷ್ಟ್ರೊಳಗೆ ಆ ಕಲ್ಲು ತೆಗೆಸ್ಕೊಡಿ. ಪ್ರಿನ್ಸಿಪಾಲ್ರು ನೀವು ಹೇಳ್ದೆ ಮುಟ್ಟಲ್ಲ ಅಂತಾರೆ. ನಮ್ ಸರ್ ಆಗಸ್ಟಲ್ಲೇ ಪತ್ರ ಬರ್ದಿದ್ರು, ಕಲ್ಲು ಸರಿಸಿ, ಯಾರಿಗಾದ್ರೂ ಏಟಾಗುತ್ತೆ ಅಂತ. ಅದನ್ನ ನಿಮ್ಮ ಪತ್ರಿಕೇಲೂ ಹಾಕಿದ್ರಂತೆ, ಪ್ರಿನ್ಸಿಪಾಲ್ ಹೇಳಿದ್ರು. ನೀವೆಲ್ಲ ಓದಿರ್ತೀರ."

ಅದು ನೆನಪಾದ ರೀತಿ ಹೇಗೆ ಹೇಳಲಿ? ಆ ಪತ್ರದ ಕಾಗದ, ನೀಲಿ ಇಂಕು, ಎರಡನೇ ಪ್ಯಾರಾ ಶುರುವಾಗೋ "ಆದರೆ" ಅನ್ನೋ ಪದ, ಅದರ ಮೇಲೆ ನಾನೇ ಎಳೆದ ಪೆನ್ಸಿಲ್ ಗೆರೆ, ಎಲ್ಲಾ ಒಟ್ಟಿಗೆ ಬಂದು ನಿಂತವು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರು ಓದಿದ್ದು ಮೆಚ್ಚುಗೆ ಮಾತ್ರ. ಚನ್ನಕೇಶವ ನನ್ನ ಕಡೆ ಬಗ್ಗಿ, "ಯಾವ ಪತ್ರ ಗಂಗಾಧರಪ್ಪ?" ಅಂದ. "ನೋಡ್ತೀನಿ ಸರ್, ಫೈಲಲ್ಲಿ ಇರ್ಬೋದು" ಅಂದೆ. ಅಷ್ಟು ಜನರ ಮುಂದೆ, ಊರುಗೋಲು ಹಿಡಿದ ಹುಡುಗಿಯಿಂದ ಎರಡು ಮಾರು ದೂರದಲ್ಲಿ, ನಾನು ಹೇಳಿದ ಮಾತು ಅದು.

ಅವಳು ಊಟಕ್ಕೆ ನಿಲ್ಲಲಿಲ್ಲ. ಅಪ್ಪನ ಭುಜ ಹಿಡಿದು ಮೆಟ್ಟಿಲು ಒಂದೊಂದೇ ಇಳಿದು ಹೋದಳು. ಶಾಲನ್ನ ಮಡಿಸಿ ಕುರ್ಚಿಯ ಮೇಲೆ ಬಿಟ್ಟಿದ್ದಳು, ಮರೆತಳೋ ಬಿಟ್ಟಳೋ ಗೊತ್ತಿಲ್ಲ.

ಮಾರನೇ ದಿನ ಪ್ರೆಸ್ಸಿನಲ್ಲಿ ಹಳೇ ಫೈಲು ಕೆದಕಿ ಪತ್ರ ತೆಗೆದೆ. ಇತ್ತು. "ಆದರೆ ರಿಂಗಿನ ಹಿಂದಿರುವ ಕಲ್ಲು ಆಟಗಾರರು ಓಡಿ ಬಂದು ಇಳಿಯುವ ಜಾಗಕ್ಕೆ ಬಹಳ ಹತ್ತಿರವಿದೆ. ಯಾರಿಗಾದರೂ ಪೆಟ್ಟಾಗುವ ಮೊದಲು ಅದನ್ನು ಗೋಡೆಯ ಕಡೆಗೆ ಸರಿಸಿಕೊಟ್ಟರೆ ಉಪಕಾರವಾಗುತ್ತದೆ." ಅಷ್ಟೇ. ಅದನ್ನ ಸಾವಿತ್ರಿಗೆ ತೋರಿಸಿದೆ. ಅವಳು ಓದಿ, ಕನ್ನಡಕ ತೆಗೆದು, "ಯಾಕ್ರೀ ಹೊಡೆದು ಹಾಕಿದ್ರಿ ಇದನ್ನ?" ಅಂದಳು. ಜಾಗ ಸಾಲಲಿಲ್ಲ ಕಣೇ ಅಂದೆ. "ಸರಿ, ಪೇಪರಲ್ಲಿ ಜಾಗ ಸಾಲಲಿಲ್ಲ. ಕಲ್ಲು ಸರಿಸೋಕೆ ಏನು ಅಡ್ಡಿಯಾಗಿತ್ತು?" ಅಂದಳು. ನಾನು ಪತ್ರ ಮಡಿಸಿ ಜೇಬಿಗೆ ಹಾಕಿಕೊಂಡೆ. ಅಲ್ಲಿ ನೆಡಿ ಅಂದವನು ನಾನು. ತಪ್ಪು ಅಂತ ಎರಡೇ ವಾರಕ್ಕೆ ಎಲ್ಲರ ಮುಂದೆ ಒಪ್ಪಿಕೊಳ್ಳೋದು ನನಗೆ ಬೇಕಿರಲಿಲ್ಲ. ಈ ಪಿ.ಟಿ. ಮೇಷ್ಟ್ರದ್ದು ಯಾವಾಗಲೂ ಒಂದು ಕೊಂಕು ಅಂದುಕೊಂಡು ಪೆನ್ಸಿಲ್ ಎಳೆದಿದ್ದೆ.

ಮುಂದಿನ ಗುರುವಾರದ ಸಭೆಯಲ್ಲಿ ಕಲ್ಲಿನ ವಿಷಯ ಬಂತು. ಎಲ್ಲರಿಗೂ ಪಾಪ ಅನ್ನಿಸಿತ್ತು, ಅದು ನಿಜ. ಆದರೆ ಮುಖ್ಯ ಅತಿಥಿಗಳು ಅನಾವರಣ ಮಾಡಿದ ಕಲ್ಲನ್ನ ಕೀಳಿಸಿದರೆ ಅವರಿಗೆ ಅವಮಾನ ಆಗಲ್ವಾ ಅಂತ ಒಬ್ಬರು ಕೇಳಿದರು. ಸುತ್ತ ದಪ್ಪ ಸ್ಪಂಜು ಸುತ್ತಿಸೋಣ ಅಂತ ಇನ್ನೊಬ್ಬರು. ಸ್ಪಂಜು ಸುತ್ತಿದರೆ ಹೆಸರು ಮುಚ್ಚಿ ಹೋಗುತ್ತಲ್ಲ ಅಂತ ರಾಮಲಿಂಗಯ್ಯ. ಒಳಗಿನದು ಕಾಣೋ ರಬ್ಬರು ಎಲ್ಲಾದರೂ ಸಿಗುತ್ತಾ, ಮಾಮೂಲ್‌ಪೇಟೆಯಲ್ಲಿ ವಿಚಾರಿಸಿ ಅಂತ ಒಂದು ಸಲಹೆ. ಕೊನೆಗೆ ಐದು ಜನರ ಸಮಿತಿ, ತಿಂಗಳೊಳಗೆ ವರದಿ. ನಾನು ಕೇಳ್ತಾ ಕೇಳ್ತಾ ದಂಗಾಗಿ ಹೋದೆ. ಹೋದ ವಾರದ ತನಕ ಆ ಕುರ್ಚಿಗಳಲ್ಲಿ ಕೂತು ಹೀಗೇ ಮಾತಾಡ್ತಿದ್ದವನು ನಾನೂ ತಾನೇ.

ಎದ್ದು ನಿಂತೆ. ಪತ್ರ ಪೂರ್ತಿ ಓದಿದೆ. ಈ ಎರಡನೇ ಪ್ಯಾರಾ ತೆಗೆದವನು ನಾನು, ನಿಮಗ್ಯಾರಿಗೂ ಹೇಳದೆ ಫೈಲಿಗೆ ಹಾಕಿದವನು ನಾನು, ಆ ಹುಡುಗಿ ಕಾಲು ಹೋಗಿದ್ದು ನನ್ನಿಂದ ಅಂದೆ. ಬೈತಾರೆ, ರಾಜೀನಾಮೆ ಕೇಳ್ತಾರೆ ಅಂತ ತಯಾರಾಗಿ ಹೋಗಿದ್ದೆ. ರಾಜೀನಾಮೆ ಬರೆದು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ.

ಯಾರೂ ಬೈಯಲಿಲ್ಲ ಸ್ವಾಮಿ. ಅದೇ ನನಗೆ ದೊಡ್ಡ ಆಘಾತ. "ಅಯ್ಯೋ ಬಿಡಿ ಗಂಗಾಧರಪ್ಪ, ಜಾಗ ಇಲ್ಲ ಅಂದ್ರೆ ಎಡಿಟರ್ ಆದೋನು ಏನ್ ಮಾಡ್ತಾನೆ" ಅಂದರು ಶೆಟ್ಟರು. "ಬೇಕೂಂತ ಮಾಡಿದ್ರಾ ನೀವು? ಸುಮ್ನೆ ಮನಸ್ಸಿಗೆ ಹಚ್ಕೋಬೇಡಿ" ಅಂದರು ಇನ್ನೊಬ್ಬರು. ಚನ್ನಕೇಶವ ನನ್ನ ಭುಜ ಒತ್ತಿ ಕೂರಿಸಿ, "ಇದು ಮಿನಿಟ್ಸಲ್ಲಿ ಬೇಡ" ಅಂತ ಮೆಲ್ಲಗೆ ಹೇಳಿದ. ಮಿನಿಟ್ಸ್ ಬರೆಯೋವನೂ ನಾನೇ. ಆಮೇಲೆ ಡಿಸೆಂಬರಿನ ಪಿಕ್‌ನಿಕ್ ಎಲ್ಲಿಗೆ ಅಂತ ಚರ್ಚೆ ಶುರುವಾಯಿತು. ಕ್ಷಮಿಸೋ ಹಕ್ಕು ಇಲ್ಲದವರೆಲ್ಲ ಸೇರಿ ನನ್ನನ್ನ ಐದು ನಿಮಿಷದಲ್ಲಿ ಕ್ಷಮಿಸಿಬಿಟ್ಟಿದ್ದರು.

ಸಮಿತಿಯ ವರದಿಗೆ ಕಾಯಲಿಲ್ಲ. ಶುಕ್ರವಾರ ಬೆಳಿಗ್ಗೆ ಗಾರೆ ಕೆಲಸದ ಯಲ್ಲಪ್ಪನನ್ನ ಕರ್ಕೊಂಡು ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರ ಕೈಗೆ ಕ್ಲಬ್ಬಿನ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟೆ. ನಾನು ಸೆಕ್ರೆಟರಿ ತಾನೇ, ಕಲ್ಲು ನೆಡಿಸೋಕೆ ಇದ್ದ ಅಧಿಕಾರ ಕೀಳಿಸೋಕೂ ಇರಲಿ. ಹಾರೆ ಹಾಕಿದರೆ ಅರ್ಧ ಗಂಟೆಯ ಕೆಲಸ ಅದು, ಜಾಸ್ತಿ ಇಲ್ಲ. ಯಲ್ಲಪ್ಪ ಮೂವತ್ತೆಂಟು ಹೆಸರನ್ನ ನೆಲಕ್ಕೆ ಮಕಾಡೆ ಮಲಗಿಸಿ, ಗುಂಡಿಗೆ ಸಿಮೆಂಟು ತುಂಬಿ, ಕರಣೆಯಲ್ಲಿ ನುಣ್ಣಗೆ ಸವರಿದ. ಆ ಹೊತ್ತಿಗೆ ಕ್ಲಬ್ಬಿನ ಗ್ರೂಪಿನಲ್ಲಿ ಯಾರೋ ಸುದ್ದಿ ಹಾಕಿ ನನ್ನ ಫೋನು ಒಂದೇ ಸಮ ಬಡಕೊಳ್ಳುತ್ತಿತ್ತು. ತೆಗೆಯಲಿಲ್ಲ. ಮುಂದೆ ನಾನು ಆ ಕ್ಲಬ್ಬಿಗೆ ಹೋಗಿದ್ದು ಕಡಿಮೆ, ಅವರು ಕರೆದದ್ದೂ ಕಡಿಮೆ. ಪಲ್ಲವಿ ಮುಂದೆ ಆಡಿದಳಾ ಅಂತ ಕೇಳ್ತೀರಿ. ಒಂದೂವರೆ ವರ್ಷದ ಮೇಲೆ ಆಡಿದಳು, ಈಗ ಮಲ್ಲೇಶ್ವರದಲ್ಲಿ ಮಕ್ಕಳಿಗೆ ಕಲಿಸ್ತಾಳೆ. ರಾಜ್ಯ ತಂಡದ ಶಿಬಿರ ಮಾತ್ರ ಮತ್ತೆ ಬರಲಿಲ್ಲ.

ಆ ಬೆಳಿಗ್ಗೆ ಅವಳು ಅಂಕಣದ ಆ ಬದಿಯಲ್ಲಿ ಕುರ್ಚಿ ಹಾಕ್ಕೊಂಡು ಎಲ್ಲಾ ನೋಡ್ತಾ ಕೂತಿದ್ದಳು. ಹತ್ತಿರ ಹೋದೆ. "ಪಲ್ಲವಿ, ನಿಮ್ಮ ಮೇಷ್ಟ್ರ ಪತ್ರ ಕ್ಲಬ್ಬಿನಲ್ಲಿ ಯಾರೂ ಓದಿಲ್ಲಮ್ಮ. ಕಲ್ಲಿನ ವಿಷಯ ಇದ್ದ ಸಾಲು ನಾನು ತೆಗೆದುಬಿಟ್ಟಿದ್ದೆ" ಅಂದೆ.

ಅವಳು ಊರುಗೋಲು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. "ಎಷ್ಟ್ ಸಾಲಿತ್ತು ಸರ್?"

"ಮೂರು."

"ಆ ಜಾಗದಲ್ಲಿ ಏನ್ ಹಾಕಿದ್ರಿ?"

ಸುಳ್ಳು ಹೇಳಬಹುದಿತ್ತು. ಸಾವಿತ್ರಿಗೂ ಹೇಳಿರಲಿಲ್ಲ ನಾನು ಅದನ್ನ. "ಹುಟ್ಟುಹಬ್ಬದ ಶುಭಾಶಯ" ಅಂದೆ.

"ಯಾರ್ದು?"

"ನಂದು."

ಅವಳು ನನ್ನ ಮುಖವನ್ನೇ ನೋಡಿದಳು. ಕೆನ್ನೆಗೆ ಹೊಡೆದಿದ್ದರೆ ನಿಂತು ಹೊಡೆಸಿಕೊಳ್ಳುತ್ತಿದ್ದೆ. "ನಮ್ ಸರ್ ರೂಮಲ್ಲಿದಾರೆ. ಅವ್ರಿಗೆ ಹೇಳಿ" ಅಂದು ಮುಖ ಆ ಕಡೆ ತಿರುಗಿಸಿಕೊಂಡಳು.

ಬಾಲು, ಬಲೆ, ಹಳೇ ಮ್ಯಾಟುಗಳ ನಡುವೆ ಒಂದು ಮೇಜು, ಅದೇ ಅವರ ರೂಮು. ನನ್ನನ್ನ ಕಂಡಿದ್ದೇ ಮುನಿರಾಜು ಮೇಷ್ಟ್ರು ಗಡಬಡಿಸಿ ಎದ್ದು, ತಮ್ಮ ಕುರ್ಚಿಯನ್ನೇ ಅಂಗೈಯಲ್ಲಿ ಒರೆಸಿ ನನ್ನ ಕಡೆ ಸರಿಸಿದರು. ನಾನು ಬಾಯಿ ಬಿಡೋಕೆ ಮುಂಚೆ ಅವರೇ ಶುರು ಮಾಡಿದರು. ಕಣ್ಣು ಆಗಲೇ ತುಂಬಿತ್ತು.

"ಕಲ್ಲು ತೆಗೆಸಿದ್ರಿ, ದೊಡ್ಡ ಉಪಕಾರ ಸರ್. ತಪ್ಪು ನಂದೇ. ನೀವೆಲ್ಲ ದೊಡ್ಡೋರು, ಪತ್ರ ಓದಿ ಪತ್ರಿಕೇಲೂ ಹಾಕಿದ್ರಿ. ನಾನೇ ಇನ್ನೂ ಸ್ವಲ್ಪ ಗಟ್ಟಿಯಾಗಿ, ಅರ್ಥ ಆಗೋ ಹಾಗೆ ಬರೀಬೇಕಿತ್ತು. ಆ ಮಗೂ ಮುಖ ನೋಡೋಕಾಗಲ್ಲ ಸರ್ ನಂಗೆ, ದಿನಾ ಅದೇ ಕೊರಗು."

"ನೀವ್ ಕೂತ್ಕೊಳ್ಳಿ ಮೇಷ್ಟ್ರೇ" ಅಂದೆ. "ನಾನು ನಿಂತ್ಕೊಂಡೇ ಹೇಳ್ತೀನಿ."